ಕೈಯಲ್ಲಿದ್ದಷ್ಟರಲ್ಲಿ ಕಡಲಾಚೆಗೆ

ಜೋಗೇಶ್ವರಿಯ ಕನ್ನಡಿಗರಾದ ನಮಗೆ ವಿಮಾನ ನಿಲ್ದಾಣ ಹೊಸ ಜಾಗವೇನೂ ಅಲ್ಲ. ಗಲ್ಫಿಗೆ ನೌಕರಿಗೆಂದು ಹೊರಟ ತಮ್ಮಂದಿರನ್ನು, ಹೆಚ್ಚಿನ ಓದಿಗೆ ಹೊರಟ ಮಕ್ಕಳನ್ನು, ಮಗಳ ಬಾಣಂತನಕ್ಕೆ ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಂಡು ಅಮೇರಿಕೆಗೆ ಹೊರಟ ತಾಯಂದಿರನ್ನು ನಾವೆಲ್ಲ ಸಹಾರದವರೆಗೆ ಹೋಗಿ ಬೀಳ್ಕೊಟ್ಟವರೇ. ಆದರೆ ಯಾರೂ ಕರೆಯದೆ, ಯಾವ ಕೆಲಸವೂ ಇಲ್ಲದೆ, ನಾಲ್ಕು ದಿನ ಬೇರೊಂದು ದೇಶವನ್ನು ನೋಡಿ ಬರೋಣ ಎಂದು ಸ್ವಂತ ದುಡ್ಡಿನಲ್ಲಿ ಹೊರಟವರು ನಮ್ಮಲ್ಲಿ ಎಷ್ಟು ಮಂದಿ? ಈಗೀಗ ಕೆಲವು ಮನೆಗಳಲ್ಲಿ ಆ ಮಾತು ಏಳುತ್ತಿದೆ. ಅದರ ಬೆನ್ನಿಗೇ, "ನಮ್ಮಂಥವರಿಗೆ ಇದೆಲ್ಲ ಬೇಕೇ?" ಎಂಬ ಪ್ರಶ್ನೆಯೂ ಏಳುತ್ತದೆ. ಆ ಸಂಕೋಚ ಕೇವಲ ಹಣದ್ದಲ್ಲ. ಅದಕ್ಕೊಂದು ದೀರ್ಘ ಇತಿಹಾಸವಿದೆ. ಅದನ್ನು ತಿಳಿದರೆ ಸಂಕೋಚವೂ ಕರಗೀತು, ಲೆಕ್ಕವೂ ಸುಲಭವಾದೀತು ಎಂಬ ಆಸೆಯಿಂದ ಈ ಬರಹ.

ಕಡಲು ದಾಟುವುದು ನಮ್ಮ ನಾಡಿನವರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ. ಅವನ ಕಾಗದಪತ್ರಗಳು ಕೈರೋ ನಗರದ ಒಂದು ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ಉಳಿದುಕೊಂಡಿದ್ದವು. ಅವುಗಳಲ್ಲಿ ಅವನ ಸೇವಕನೊಬ್ಬನ ಹೆಸರು ಬರುತ್ತದೆ. ಅಮಿತಾವ್ ಘೋಷ್ ಅವರು 1992ರ ತಮ್ಮ ಗ್ರಂಥದಲ್ಲಿ ಆ ಹೆಸರನ್ನು 'ಬೊಮ್ಮ' ಎಂದು ಓದಿ, ಅವನು ತುಳುನಾಡಿನವನೆಂದು ವಾದಿಸಿದ್ದಾರೆ. ಒಡೆಯನ ಸರಕಿನೊಂದಿಗೆ ಬೊಮ್ಮ ಏಡನ್ ಬಂದರಿಗೆ ಹೋದ. ಅಲ್ಲಿ ಕೈಖರ್ಚಿಗೆಂದು ಅವನು ಹಣ ಕೇಳಿ ಪಡೆದದ್ದನ್ನು ಅಲ್ಲಿಯ ವರ್ತಕ ಮದ್ಮೂನ್ ಕಾಗದ ಬರೆದು ದೂರಿಕೊಂಡಿದ್ದಾನೆ. ಎಂಟುನೂರು ವರ್ಷಗಳಿಗೂ ಹಿಂದೆ ಪರದೇಶದಲ್ಲಿ ನಮ್ಮವನೊಬ್ಬನ ಖರ್ಚು ಅಂದಾಜು ಮೀರಿತ್ತು ಎಂದಾಯಿತು! ಬೊಮ್ಮ ಹೋದದ್ದು ಒಡೆಯನ ಕೆಲಸಕ್ಕೆ, ನೋಡುವ ಸಂತೋಷಕ್ಕಲ್ಲ ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ವ್ಯಾಪಾರಿಗಳೂ ನಾವಿಕರೂ ಹೀಗೆ ಓಡಾಡುತ್ತಿದ್ದಾಗಲೇ, ಮೇಲುಜಾತಿಗಳವರಿಗೆ ಸಮುದ್ರಯಾನ ನಿಷಿದ್ಧವೆಂಬ ಕಟ್ಟಳೆಯೂ ಇತ್ತು. ಬೌಧಾಯನ ಧರ್ಮಸೂತ್ರವು ಅದನ್ನು ಜಾತಿ ಕೆಡಿಸುವ ಪಾಪಗಳಲ್ಲಿ ಎಣಿಸಿದೆ. 1888ರಲ್ಲಿ ಹದಿನೆಂಟರ ಹರೆಯದ ಮೋಹನದಾಸ ಗಾಂಧಿ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಅವರ ಜಾತಿಯ ಮುಖಂಡರು ಇಲ್ಲಿಯೇ ಸಭೆ ಸೇರಿ ಬಹಿಷ್ಕಾರ ಹಾಕಿದರು. ಅವರಿಗೆ ನೆರವಾದವರಿಗೂ ಹಡಗುಕಟ್ಟೆಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ! ಅದಕ್ಕೂ ಮೂರು ವರ್ಷ ಮೊದಲು, 1885ರಲ್ಲಿ, ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿ ಮುಂಬಯಿಯಲ್ಲಿ ವಕೀಲರಾಗಿದ್ದ ನಾರಾಯಣ ಗಣೇಶ ಚಂದಾವರ್ಕರರು ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿಯ ಚುನಾವಣೆಯ ಹೊತ್ತಿನಲ್ಲಿ ಭಾರತದ ಅಹವಾಲನ್ನು ಮತದಾರರ ಮುಂದಿಡುವುದು ಅವರ ಉದ್ದೇಶ. ಅವರು ಮರಳಿದ್ದು ಇದೇ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಆರಂಭವಾದ ದಿನ, ಡಿಸೆಂಬರ್ 28ರಂದು. ಅಂಥವರ ಯಾತ್ರೆಗೆ ದೇಶಸೇವೆಯ ಸಮರ್ಥನೆಯಿತ್ತು. ಸುಮ್ಮನೆ ನೋಡಿ ಬರಲು ಹೊರಟಿದ್ದರೆ ಸಮರ್ಥಿಸಿಕೊಳ್ಳುವುದು ಇನ್ನೂ ಕಷ್ಟವಾಗುತ್ತಿತ್ತು.

ಹಾಗೆಂದು ಬಡವರು ಕಡಲು ದಾಟಲೇ ಇಲ್ಲವೆಂದಲ್ಲ. ಮುಂಬಯಿ ಬಂದರಿನಿಂದ ಜೆದ್ದಾಕ್ಕೆ ಹಜ್ ಯಾತ್ರಿಕರ ಹಡಗುಗಳು 1995ರವರೆಗೂ ಓಡಿದವು. ಕಾಸಿಗೆ ಕಾಸು ಕೂಡಿಸಿ, ಮಕ್ಕಳ ಮದುವೆ ಮುಗಿಸಿ, ಸಾಲ ತೀರಿಸಿ ಹೊರಡುತ್ತಿದ್ದ ಆ ಹಿರಿಯರ ಮುಂದಾಲೋಚನೆ ಯಾವ ಪ್ರವಾಸ ಕಂಪನಿಯ ಯೋಜನೆಗೂ ಕಡಿಮೆಯದಲ್ಲ. ಇನ್ನು, ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ' ಹಡಗು 1982ರವರೆಗೆ ಮುಂಬಯಿಯಿಂದ ಗಲ್ಫ್ ಬಂದರುಗಳಿಗೆ ಡೆಕ್ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಹಾಸಿಗೆ ಸುತ್ತಿಕೊಂಡು ಹಡಗಿನ ಅಟ್ಟದ ಮೇಲೆಯೇ ಮಲಗಿ ಹೋದವರ ಪ್ರಯಾಣ ಅದು. ದಕ್ಷಿಣದಲ್ಲಿ ಇದಕ್ಕಿಂತಲೂ ಸುಲಭದ ದಾರಿಯೊಂದಿತ್ತು. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ, ಮದರಾಸಿನಿಂದ ರೈಲಿನಲ್ಲಿ ಧನುಷ್ಕೋಡಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರಿಗೆ ದಾಟಿ, ಮತ್ತೆ ರೈಲು ಹಿಡಿದು ಕೊಲಂಬೊ ಸೇರಬಹುದಾಗಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿ ಹಾಕಿತು. ಧನುಷ್ಕೋಡಿಯ ಮೂಲಕ ಹೋಗುತ್ತಿದ್ದ ಆ ದಾರಿಯೂ ಅದರೊಂದಿಗೆ ಮುರಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಜಾತಿಯ ಕಟ್ಟಳೆ ಸಡಿಲವಾಯಿತು, ಸರಕಾರದ ಕಟ್ಟಳೆ ಬಿಗಿಯಾಯಿತು. ಮೊದಲನೆಯದು ಪಾಸ್‌ಪೋರ್ಟು. ಕೊಡುವುದು ಬಿಡುವುದು ಸರಕಾರದ ಇಚ್ಛೆ ಎಂಬ ಭಾವನೆ ಅಂದು ಇತ್ತು. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಅವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು, ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದು ತೀರ್ಪಿತ್ತಿತು. ಐವರು ನ್ಯಾಯಾಧೀಶರಲ್ಲಿ ಮೂವರ ಬಹುಮತದ ತೀರ್ಪು ಅದು. ಅದೇ ವರ್ಷದ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ನೋಡಲೆಂದೇ ಹೊರಡುವ ಸಾಮಾನ್ಯನಿಗೂ ಪಾಸ್‌ಪೋರ್ಟು ಯಾರ ಕೃಪೆಯೂ ಅಲ್ಲ ಎಂಬುದು ಹೀಗೆ ನ್ಯಾಯಾಲಯದಲ್ಲಿ ಗೆದ್ದು ಬಂದ ಮಾತು.

ಎರಡನೆಯ ಕಟ್ಟಳೆ ವಿದೇಶೀ ವಿನಿಮಯದ್ದು. ದೇಶದ ಬೊಕ್ಕಸದಲ್ಲಿ ಡಾಲರು, ಪೌಂಡುಗಳಿಗೆ ಬರಗಾಲ. ಇದ್ದಷ್ಟನ್ನು ಯಂತ್ರಗಳಿಗೂ ಎಣ್ಣೆಗೂ ಧಾನ್ಯಕ್ಕೂ ಉಳಿಸಬೇಕಾಗಿತ್ತು. ಆದ್ದರಿಂದ ಮೋಜಿನ ಪ್ರವಾಸ ಸರಕಾರದ ಕಣ್ಣಿಗೆ ದುಂದುವೆಚ್ಚವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ವಿಮಾನದ ಟಿಕೇಟನ್ನು ನಮ್ಮದೇ ರೂಪಾಯಿ ಕೊಟ್ಟು ಕೊಳ್ಳುವುದಕ್ಕೂ 'ಪಿ ಫಾರ್ಮ್' ಎಂಬ ಅರ್ಜಿಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕಾಗಿದ್ದ ಕಾಲವದು. ಕೈಯಲ್ಲಿ ಒಯ್ಯಲು ಸಿಗುತ್ತಿದ್ದದ್ದು 8 ಡಾಲರ್. ಆ ತಲೆಮಾರಿನ ವಿದ್ಯಾರ್ಥಿಗಳು ಇಂದಿಗೂ ಮರೆಯದ ಅಂಕೆ ಅದು. 1980ರ ದಶಕದಲ್ಲಿ ಪ್ರವಾಸಿಗಳಿಗೆಂದೇ ಇದ್ದ ಯೋಜನೆಯಲ್ಲಿ 500 ಡಾಲರ್ ಸಿಗುವಂತಾಯಿತು. ಈ ನಡುವೆ 1979ರಲ್ಲಿ ವಿದೇಶ ಪ್ರಯಾಣ ತೆರಿಗೆಯೂ ಬಂದಿತ್ತು. ನೆರೆಯ ದೇಶಗಳಿಗೆ 50 ರೂಪಾಯಿ, ಉಳಿದೆಡೆಗೆ 100.

ಆ ಬರಗಾಲದ ತುತ್ತತುದಿ 1991. ಆ ವರ್ಷ ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಇದೇ ಮುಂಬಯಿಯ ವಿಮಾನ ನಿಲ್ದಾಣದಿಂದ ಒತ್ತೆಯಾಗಿ ಹೊರಗೆ ಹೋಯಿತು. ಮನೆಯ ಬಂಗಾರ ಅಡವಿಟ್ಟು ಕಷ್ಟ ದಾಟಿದ ಕುಟುಂಬಗಳಿಗೆ ಆ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಮುಂದೆ ಆರ್ಥಿಕ ನೀತಿ ಬದಲಾಯಿತು, ವಿನಿಮಯದ ಸಂಗ್ರಹ ಬೆಳೆಯಿತು. ಹಳೆಯ ಕಠಿಣ ಕಾಯಿದೆಯ ಬದಲು 2000ದ ಜೂನ್ 1ರಿಂದ ಸಡಿಲವಾದ ಹೊಸ ಕಾಯಿದೆ ಜಾರಿಯಾಯಿತು. 2004ರಲ್ಲಿ ಪ್ರಯಾಣ ತೆರಿಗೆ ರದ್ದಾಯಿತು. ಅದೇ ವರ್ಷ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದೆಂಬ ನಿಯಮ ಬಂತು. 2015ರಲ್ಲಿ ಆ ಮಿತಿ 2,50,000 ಡಾಲರಿಗೆ ಏರಿತು. ಎಂಟು ಡಾಲರಿನ ಕಾಲ ಮುಗಿದು ಮಿತಿಯನ್ನು ನಮ್ಮ ಜೇಬೇ ಹಾಕುವ ಕಾಲ ಬಂದದ್ದು ಹೀಗೆ.

ನಮ್ಮ ಪ್ರವಾಸ ಸಾಹಿತ್ಯವೂ ಇದೇ ಕಥೆಯನ್ನು ಹೇಳುತ್ತದೆ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ' ಆಕ್ಸ್‌ಫರ್ಡಿಗೆ ಓದಲು ಹೋದವರ ಬರಹ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಮಕ್ಕಳ ಮನೆಗೆ ಹೋದ ಹಿರಿಯರ ಕಥನ. ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ನೇಮಿಚಂದ್ರ ಅವರು 'ಒಂದು ಕನಸಿನ ಪಯಣ' ಮತ್ತು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದರು. ಅಲ್ಲಿ ನೌಕರಿಯ ಹೆಣ್ಣುಮಗಳೊಬ್ಬಳು ಗೆಳತಿಯ ಜತೆ ನೋಡಬೇಕೆಂಬ ಆಸೆಯಿಂದಲೇ ಹೊರಟಿದ್ದಾಳೆ. ಓದಿಗೆ, ಮಕ್ಕಳಿಗಾಗಿ, ಕೊನೆಗೆ ತನಗಾಗಿ. ಹೊರಡುವುದಕ್ಕೆ ಕೊಡಬೇಕಾದ ಕಾರಣ ಹೀಗೆ ಬದಲಾಗುತ್ತ ಬಂತು.

ಇಷ್ಟು ಬಾಗಿಲು ತೆರೆದ ಮೇಲೆ ಉಳಿದದ್ದು ಮನೆಯ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಸಂಸಾರಕ್ಕೆ ನಾವು ಹೇಳುವ ಮೊದಲ ಮಾತು, ಪಾಸ್‌ಪೋರ್ಟು ಮೊದಲು, ಊರು ಯಾವುದೆಂಬುದು ಆಮೇಲೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ 2012ರಲ್ಲಿ ಗೊತ್ತುಪಡಿಸಿದ ಶುಲ್ಕ 1,500 ರೂಪಾಯಿ. ವಯಸ್ಕರಿಗೆ ಹತ್ತು ವರ್ಷ ನಡೆಯುತ್ತದೆ. 2010ರಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಪ್ರಯೋಗವಾಗಿ ಆರಂಭವಾದ ಸೇವಾ ಕೇಂದ್ರದ ಪದ್ಧತಿ ಇಂದು ಅಂಧೇರಿ, ಮಲಾಡ್‌ಗಳಲ್ಲೂ ಇದೆ. ಜೋಗೇಶ್ವರಿಯಿಂದ ಲೋಕಲ್ ಗಾಡಿಯ ದಾರಿ. ಹೆಸರು, ಜನ್ಮದಿನಾಂಕ, ವಿಳಾಸ ಎಲ್ಲ ದಾಖಲೆಗಳಲ್ಲೂ ಒಂದೇ ಆಗಿರಲಿ. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ಮುಂಬಯಿಯ ರೇಷನ್ ಕಾರ್ಡಿನಲ್ಲಿ ಇನ್ನೊಂದು ಎಂಬ ತೊಡಕು ನಮ್ಮವರಲ್ಲಿ ಸಾಮಾನ್ಯ.

ಮೊದಲ ಪ್ರವಾಸಕ್ಕೆ ನೆರೆಯ ದೇಶವೇ ಲೇಸು. ನೇಪಾಳಕ್ಕೆ ನಮಗೆ ವೀಸಾ ಬೇಡ, ಮತದಾರರ ಗುರುತುಪತ್ರವಿದ್ದರೂ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ಎಂಬ ದರ 1993ರಿಂದ ಸ್ಥಿರವಾಗಿರುವುದರಿಂದ ಲೆಕ್ಕ ತಪ್ಪುವ ಭಯವೂ ಕಡಿಮೆ. ಭೂತಾನಕ್ಕೂ ವೀಸಾ ಬೇಡ. ಆದರೆ 2022ರ ಸೆಪ್ಟೆಂಬರಿನಿಂದ ಭಾರತೀಯ ವಯಸ್ಕರಿಗೆ ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿಯ ಶುಲ್ಕವಿದೆ. ನಾಲ್ವರು ನಾಲ್ಕು ರಾತ್ರಿ ಉಳಿದರೆ ಊಟ ವಸತಿಗೂ ಮೊದಲೇ 19,200 ರೂಪಾಯಿ! ಟಿಕೇಟು ಅಗ್ಗವೆಂದು ಹಿಗ್ಗುವ ಮುನ್ನ ಇಂಥ ಅಡಗಿದ ಖರ್ಚನ್ನು ಹುಡುಕಬೇಕು. ಶ್ರೀಲಂಕೆಗೆ 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಹಡಗು ಮತ್ತೆ ಹೊರಟಿತು. ಥಾಯ್ಲೆಂಡು ಅದೇ ವರ್ಷದ ನವೆಂಬರಿನಲ್ಲಿ, ಮಲೇಶಿಯಾ ಡಿಸೆಂಬರಿನಲ್ಲಿ ನಮ್ಮವರಿಗೆ ವೀಸಾ ಮನ್ನಾ ಮಾಡಿದವು. ಇಂಥ ನಿಯಮಗಳು ಬದಲಾಗುವಂಥವು. ಟಿಕೇಟಿಗೆ ಹಣ ಕಟ್ಟುವ ಮುಂಚೆ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಬೇಕು. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ.

ಹಣವನ್ನು ಐದು ಪಾಲು ಮಾಡುವುದು ಒಳ್ಳೆಯದು: ಪ್ರಯಾಣ, ವಸತಿ, ಊಟ, ವೀಸಾ ಮತ್ತು ವಿಮೆ, ಕೊನೆಯದಾಗಿ ಮುಟ್ಟದೆ ಇಡುವ ಆಪತ್ತಿನ ಗಂಟು. ಮೂರು ನಾಲ್ಕು ಮನೆಗಳವರು ಸೇರಿದರೆ ವಾಹನದ ಬಾಡಿಗೆ ಹಂಚಿಹೋಗುತ್ತದೆ. ಅಡುಗೆಗೆ ಅನುಕೂಲವಿರುವ ಕೊಠಡಿ ಸಿಕ್ಕರೆ ಒಂದು ಹೊತ್ತಿನ ಗಂಜಿ ಚಟ್ನಿ ಅಲ್ಲೇ ಆದೀತು. ಭೀಶಿಯೋ ಬ್ಯಾಂಕಿನ ಮಾಸಿಕ ಉಳಿತಾಯವೋ, ಎರಡು ವರ್ಷ ಮುಂಚೆಯೇ ಆರಂಭಿಸಿ, ಸಾಲ ಮಾಡದೆ ಹೋಗಿ ಬರುವುದೇ ಮರ್ಯಾದೆ.

ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಒಂದು ಬಾಬೂ ಇದೆ. ನಮ್ಮ ರಜೆಯೆಲ್ಲ ಊರಿನದು. ಕೋಲ, ಪೂಜೆ, ಮದುವೆ, ಹಿರಿಯರ ಆರೋಗ್ಯ. "ಊರಿಗೆ ಬರಲು ರಜೆಯಿಲ್ಲ, ಪರದೇಶಕ್ಕೆ ಹೋಗಲು ಇದೆಯೇ?" ಎಂದು ಊರಿನಿಂದ ಬರುವ ಮಾತಿಗೆ ನಾವೆಲ್ಲ ಅಂಜುತ್ತೇವೆ. ಅಂಜಿಕೆ ಸುಳ್ಳಲ್ಲ, ಕೇಳುವವರ ಪ್ರೀತಿಯೂ ಸುಳ್ಳಲ್ಲ. ಆದ್ದರಿಂದ ಮುಚ್ಚಿಟ್ಟು ಹೋಗದೆ, ಮುಂಚೆಯೇ ತಿಳಿಸಿ, ಆ ವರ್ಷವೂ ಊರಿಗೆ ಎರಡು ದಿನ ಹೋಗಿ ಬರುವಂತೆ ಯೋಜಿಸಬೇಕು. ಸಾಧ್ಯವಾದರೆ ಅಮ್ಮನಿಗೂ ಒಂದು ಪಾಸ್‌ಪೋರ್ಟು ಮಾಡಿಸಬೇಕು. ಮಕ್ಕಳಿಗಾಗಿ ಮಾತ್ರ ಪ್ರಯಾಣ ಮಾಡಿದ ಆ ಜೀವಕ್ಕೂ ತನ್ನ ಸಂತೋಷಕ್ಕೊಂದು ದೇಶ ನೋಡುವ ಹಕ್ಕಿದೆ.

ಇನ್ನೊಂದು ಬಿನ್ನಹ. ಹೋಗಿ ಬಂದವರು ಫೋಟೋಗಳ ಜತೆಗೆ ಖರ್ಚಿನ ಪಟ್ಟಿಯನ್ನೂ ಸಂಘಕ್ಕೆ ತಂದು ಕೊಡಲಿ. ಎಲ್ಲಿ ಉಳಿಯಿತು, ಎಲ್ಲಿ ಸೋರಿತು ಎಂಬುದು ಮುಂದೆ ಹೊರಡುವ ಮನೆಗೆ ದಾರಿದೀಪ. ಏಡನ್ನಿಗೆ ಹೋದ ಬೊಮ್ಮನ ಹೆಸರು ಇಷ್ಟು ಶತಮಾನ ಉಳಿದದ್ದು ಅವನ ಕೈಖರ್ಚಿನ ಲೆಕ್ಕವನ್ನು ಯಾರೋ ಬರೆದಿಟ್ಟದ್ದರಿಂದ. ನಮ್ಮ ಲೆಕ್ಕವನ್ನು ನಾವೇ ಬರೆದಿಡೋಣ.