ದಂಪತಿಗಳ ಸಹಋಣ ಮತ್ತು ಅದರ ಭದ್ರತೆ

ಪತಿಪತ್ನಿಯರು ಕೂಡಿ ಮಾಡಿದ ಸಾಲವು ತೀರುವ ಮುನ್ನವೇ ಅವರಲ್ಲೊಬ್ಬರು ಗತಿಸಿದರೆ, ಉಳಿದ ಹಣಕ್ಕೆ ಹೊಣೆಗಾರರು ಯಾರು? ಇಂದು ಸಾಲವಿಮೆಯು ಈ ಪ್ರಶ್ನೆಗೆ ಒಂದು ಪರಿಹಾರವನ್ನು ಒದಗಿಸುತ್ತಿದೆ. ಆದರೆ ಪ್ರಶ್ನೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿಯೇ ಇದರ ವಿಚಾರವನ್ನು ಕಾಣುತ್ತೇವೆ.

ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಪತಿಯ ಸಾಲವನ್ನು ಪತ್ನಿಯು ತೀರಿಸಬೇಕಾಗಿಲ್ಲವೆಂಬುದು ಆ ಸ್ಮೃತಿಯ ಸಾಮಾನ್ಯ ನಿಯಮ. ವ್ಯವಹಾರಾಧ್ಯಾಯದ 49ನೆಯ ಶ್ಲೋಕವಾದರೋ ಅವಳು ತೀರಿಸಲೇಬೇಕಾದ ಮೂರು ಬಗೆಯ ಸಾಲಗಳನ್ನು ಎಣಿಸುತ್ತದೆ: ತಾನು ಒಪ್ಪಿಕೊಂಡದ್ದು, ಪತಿಯೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು. ಇವುಗಳಲ್ಲಿ ಎರಡನೆಯದೇ ನಮ್ಮ ಪ್ರಕೃತ ವಿಷಯ. ಪತಿಯಿಲ್ಲದಾಗ, ಮಗನೂ ಇಲ್ಲದ ಪತ್ನಿಯು ಅದನ್ನು ಸಲ್ಲಿಸಬೇಕೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ.

ಧನಿಕನಿಗೆ ಇನ್ನೊಂದು ಆಸರೆಯೆಂದರೆ ಪ್ರತಿಭೂ, ಅಂದರೆ ಜಾಮೀನುದಾರ. ಸಾಲವನ್ನು ತಾನೇ ಕೊಡುವೆನೆಂದು ಹೊಣೆಹೊತ್ತ ಪ್ರತಿಭೂವು ಸತ್ತರೆ ಅವನ ಮಕ್ಕಳೂ ಅದನ್ನು ತೆರಬೇಕಾಗಿತ್ತು. ಆದರೆ ಅವಿಭಕ್ತರಾದ ದಂಪತಿಗಳಲ್ಲಿ ಪರಸ್ಪರ ಜಾಮೀನನ್ನು ಸ್ಮೃತಿಯು ಒಪ್ಪುವುದಿಲ್ಲ. ಸಂಪತ್ತು ಒಂದೇ ಆಗಿರುವವರ ಜಾಮೀನಿನಿಂದ ಧನಿಕನಿಗೆ ಹೊಸ ಭದ್ರತೆಯೇನೂ ದೊರೆಯದೆಂಬುದೇ ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ. ಒಟ್ಟಿನಲ್ಲಿ, ಸಾವಿನಿಂದ ಸಾಲವು ಅಳಿಯುತ್ತಿರಲಿಲ್ಲ. ಅದರ ಭಾರವು ಒಬ್ಬರ ಹೆಗಲಿನಿಂದ ಮತ್ತೊಬ್ಬರ ಹೆಗಲಿಗೆ ಸಾಗುತ್ತಿತ್ತು.

ಈ ಭಾರವನ್ನು ವ್ಯಕ್ತಿಗಳಿಂದ ವಿಮಾನಿಧಿಗೆ ವರ್ಗಾಯಿಸುವ ಕ್ರಮವು ಅಮೆರಿಕದಲ್ಲಿ ಮೊದಲಾಯಿತು. ಆರ್ಥರ್ ಮಾರಿಸ್ ಎಂಬ ನ್ಯಾಯವಾದಿಯು 1910ರಲ್ಲಿ ವರ್ಜೀನಿಯಾದ ನಾರ್ಫೋಕ್ ನಗರದಲ್ಲಿ, ಆಸ್ತಿಯಿಲ್ಲದ ಸಂಬಳಗಾರರಿಗೆ ಇಬ್ಬರು ಜಾಮೀನುದಾರರ ಸಹಿಯ ಮೇಲೆ ಸಾಲ ಕೊಡುವ ಬ್ಯಾಂಕನ್ನು ತೆರೆದನು. ಸಾಲಗಾರನು ಸತ್ತರೆ ಅವನ ಕುಟುಂಬವೂ ಜಾಮೀನುದಾರರೂ ಸಂಕಟಕ್ಕೆ ಸಿಲುಕುವರು. ಇದರ ನಿವಾರಣೆಗಾಗಿ 1917ರಲ್ಲಿ ಅವನು ಒಂದು ವಿಮಾಸಂಸ್ಥೆಯನ್ನು ಸ್ಥಾಪಿಸಿದನು. ಅಲ್ಪ ಕಂತನ್ನು ತೆತ್ತವನು ಮೃತನಾದರೆ ಉಳಿದ ಸಾಲವನ್ನು ವಿಮೆಯೇ ತೀರಿಸುವುದು. ಸಹಸ್ರಾರು ಸಾಲಗಾರರು ಕೂಡಿ ಒಬ್ಬರಿಗೊಬ್ಬರು ಪ್ರತಿಭೂಗಳಾದಂತೆ ಇದು.

ಆದರೂ ದಂಪತಿಗಳ ವಿಷಯದಲ್ಲಿ ಒಂದು ತೊಡಕು ಉಳಿಯುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 43ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಜಂಟಿ ಸಾಲಗಾರರಲ್ಲಿ ಯಾರೊಬ್ಬರಿಂದಲಾದರೂ ಪೂರ್ಣ ಹಣವನ್ನು ಕೇಳಬಹುದು. 10,000 ರೂಪಾಯಿ ಸಾಲ ಉಳಿದಿರುವಾಗ ಪತಿಯ ಜೀವಕ್ಕೆ ಮಾತ್ರ ವಿಮೆಯಿದ್ದು, ದುಡಿಯುವ ಪತ್ನಿಯು ತೀರಿಕೊಂಡರೆ ವಿಮೆಯಿಂದ ಏನೂ ಬಾರದು. ಇಬ್ಬರಿಗೂ ಅರ್ಧರ್ಧ ವಿಮೆಯಿದ್ದರೆ 5,000 ರೂಪಾಯಿ ಉಳಿಯುವುದು. ಮೊದಲ ಮರಣಕ್ಕೇ ಪೂರ್ಣ ಹಣವನ್ನು ಕೊಡುವ ಜಂಟಿ ವಿಮೆಯಿದ್ದರೆ ಮಾತ್ರ ಬದುಕುಳಿದವರು ಋಣಮುಕ್ತರು.

ಮತ್ತೊಂದು ಅಂಶವೂ ಗಮನಾರ್ಹ. 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯಂತೆ, ಪತಿಯು ತನ್ನ ಜೀವದ ಮೇಲೆ ಹೆಂಡತಿಮಕ್ಕಳ ಹಿತಕ್ಕಾಗಿ ಮಾಡಿದ ವಿಮೆಯ ಹಣಕ್ಕೆ, ವಂಚನೆಯ ಉದ್ದೇಶವಿಲ್ಲದಿದ್ದಲ್ಲಿ, ಸಾಲಿಗರು ಕೈಹಾಕುವಂತಿಲ್ಲ. ಸಾಲವಿಮೆಯ ಹಣವಾದರೋ ಮೊದಲು ಸಾಲಿಗನನ್ನೇ ಸೇರುತ್ತದೆ. ಒಂದು ಮನೆಯ ಅನ್ನವನ್ನು ಕಾಯುವುದು, ಇನ್ನೊಂದು ಮನೆಯ ಮೇಲಿನ ಸಾಲವನ್ನು ಕಳೆಯುವುದು. ಇವೆರಡನ್ನೂ ಒಂದೇ ಎಂದೆಣಿಸಲಾಗದು. ಸಹಋಣಕ್ಕೆ ಪತ್ನಿಯೂ ಹೊಣೆಯೆಂದು ಮಿತಾಕ್ಷರೆಯು ಗುರುತಿಸಿತು. ಹೊಣೆ ಇಬ್ಬರದಾದ ಮೇಲೆ ರಕ್ಷಣೆಯೂ ಇಬ್ಬರ ಜೀವವನ್ನು ಒಳಗೊಳ್ಳಬೇಕೆಂಬುದೇ ಈ ಇತಿಹಾಸದಿಂದ ನಾವು ತಿಳಿಯಬೇಕಾದುದು.