ಅಮೆರಿಕದ ಡೇ ಕೇರ್ ತೆರಿಗೆ ಕ್ರೆಡಿಟ್: ಇಬ್ಬರೂ ದುಡಿದರಷ್ಟೇ ಲಾಭ

ಪತಿ-ಪತ್ನಿ ಇಬ್ಬರೂ ಉದ್ಯೋಗದಲ್ಲಿದ್ದು ಮಗುವನ್ನು ಡೇ ಕೇರ್‌ಗೆ ಬಿಡುವ ಕುಟುಂಬಗಳಿಗೆ, ಆ ವೆಚ್ಚದ ಒಂದಂಶವನ್ನು ಅಮೆರಿಕದ ಫೆಡರಲ್ ಸರ್ಕಾರ ಆದಾಯ ತೆರಿಗೆಯಲ್ಲಿ ಬಿಟ್ಟುಕೊಡುತ್ತದೆ. ‘ಚೈಲ್ಡ್ ಅಂಡ್ ಡಿಪೆಂಡೆಂಟ್ ಕೇರ್ ಕ್ರೆಡಿಟ್’ ಎಂದು ಕರೆಯಲಾಗುವ ಈ ಸೌಲಭ್ಯವು ಅಲ್ಲಿ ತೆರಿಗೆ ಲೆಕ್ಕದಲ್ಲಿ ನಿವಾಸಿಗಳೆನಿಸಿದ ಕನ್ನಡಿಗರಿಗೂ ಅನ್ವಯಿಸುತ್ತದೆ. ಆದರೆ ನಿರೀಕ್ಷಿಸಿದಷ್ಟು ಹಣ ಉಳಿಯುವುದು ವಿರಳ.

ಇದು ಆದಾಯದಲ್ಲಿ ಕಳೆಯುವ ಮೊತ್ತವಲ್ಲ. ನಮ್ಮಲ್ಲಿನ ರಿಬೇಟ್‌ನಂತೆ ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ. ಮಗು 13 ವರ್ಷದೊಳಗಿನದಾಗಿರಬೇಕು. ವೆಚ್ಚವೆಷ್ಟೇ ಆದರೂ ಒಂದು ಮಗುವಿಗೆ 3,000 ಡಾಲರ್, ಎರಡು ಅಥವಾ ಹೆಚ್ಚು ಮಕ್ಕಳಿಗೆ 6,000 ಡಾಲರ್ ಮಾತ್ರ ಪರಿಗಣನೆಗೆ ಬರುತ್ತದೆ. 2003ರಲ್ಲಿ ಜಾರಿಗೆ ಬಂದ ಈ ಮಿತಿ, ಒಂದು ವರ್ಷದ ಮಟ್ಟಿಗೆ ಹೊರತು, ಇಂದಿಗೂ ಬದಲಾಗಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುವ ವ್ಯವಸ್ಥೆಯೂ ಕಾನೂನಿನಲ್ಲಿಲ್ಲ.

ಈ ಸೌಲಭ್ಯದ ಹಿಂದೆ ದೀರ್ಘ ವಾಗ್ವಾದವಿದೆ. ದಾದಿಯ ಸಂಬಳ ಕೊಡದಿದ್ದರೆ ಪತ್ನಿ ಕೆಲಸಕ್ಕೆ ಹೋಗಲಾಗದು, ಆದ್ದರಿಂದ ಅದು ಉದ್ಯೋಗದ ವೆಚ್ಚವೇ ಎಂದು ದಂಪತಿಯೊಬ್ಬರು ವಾದಿಸಿದ್ದರು. ಅಲ್ಲಿನ ತೆರಿಗೆ ಮೇಲ್ಮನವಿ ಮಂಡಳಿ 1939ರಲ್ಲಿ ಅದನ್ನು ಒಪ್ಪದೆ, ಮಗುವಿನ ಪಾಲನೆ ಮನೆಯ ಖಾಸಗಿ ವೆಚ್ಚವೆಂದು ತೀರ್ಪಿತ್ತಿತು. 1954ರಲ್ಲಿ ಸಂಸತ್ತು 600 ಡಾಲರ್‌ವರೆಗಿನ ಕಡಿತಕ್ಕೆ ಅವಕಾಶ ಕಲ್ಪಿಸಿತು. ಅದು ಕ್ರೆಡಿಟ್ ಆಗಿ ಬದಲಾದದ್ದು 1976ರ ಕಾನೂನಿನಿಂದ.

ಮಿತಿಯೊಳಗಿನ ವೆಚ್ಚದಲ್ಲಿ ಶೇಕಡಾ ಎಷ್ಟು ಸಿಗುತ್ತದೆ ಎಂಬುದನ್ನು ಕುಟುಂಬದ ಆದಾಯ ನಿರ್ಧರಿಸುತ್ತದೆ. 2025ರ ತೆರಿಗೆ ವರ್ಷದವರೆಗೆ 43,000 ಡಾಲರ್ ಮೀರಿದ ಆದಾಯಕ್ಕೆ ಶೇ 20 ಮಾತ್ರ ಇತ್ತು. 2025ರ ಜುಲೈನಲ್ಲಿ ಸಹಿಯಾದ ಕಾನೂನು 2026ರಿಂದ ದರವನ್ನು ಸಡಿಲಿಸಿದೆ: ಅತಿ ಕಡಿಮೆ ಆದಾಯದವರಿಗೆ ಶೇ 50, ಜಂಟಿ ಆದಾಯ 1,50,000 ಡಾಲರ್ ದಾಟುವವರೆಗೆ ಶೇ 35ಕ್ಕಿಂತ ಕಡಿಮೆಯಿಲ್ಲ, ಆನಂತರ ಇಳಿಯುತ್ತಾ 2,10,000 ಮೀರಿದವರಿಗೆ ಶೇ 20. ಉದಾಹರಣೆಗೆ, ವರ್ಷಕ್ಕೆ 1,00,000 ಡಾಲರ್ ಗಳಿಸುವ ದಂಪತಿ ಇಬ್ಬರು ಮಕ್ಕಳ ಡೇ ಕೇರ್‌ಗೆ 20,000 ಡಾಲರ್ ತೆತ್ತರೂ 2025ರಲ್ಲಿ ಉಳಿಯುತ್ತಿದ್ದುದು 1,200 ಡಾಲರ್, 2026ರಲ್ಲಿ 2,100.

ಶೇ 50ರ ದರ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಕಟ್ಟಬೇಕಾದ ತೆರಿಗೆಯೇ ಇಲ್ಲದ ಬಡ ಕುಟುಂಬಕ್ಕೆ ಈ ಕ್ರೆಡಿಟ್‌ನಿಂದ ಏನೂ ದೊರೆಯದು, ಏಕೆಂದರೆ ಮಿಕ್ಕ ಮೊತ್ತವನ್ನು ಸರ್ಕಾರ ನಗದಾಗಿ ಕೊಡುವುದಿಲ್ಲ. ಕೋವಿಡ್ ಪರಿಹಾರದ ಭಾಗವಾಗಿ 2021ರಲ್ಲಿ ಮಾತ್ರ ಹಾಗೆ ಕೊಡಲಾಯಿತು. ಆ ವರ್ಷ ವೆಚ್ಚದ ಮಿತಿಯನ್ನೂ 8,000 ಮತ್ತು 16,000 ಡಾಲರ್‌ಗೆ ಏರಿಸಲಾಗಿತ್ತು.

ಭಾರತೀಯ ಕುಟುಂಬಗಳು ಎಡವುವುದು ದುಡಿಮೆಯ ಷರತ್ತಿನಲ್ಲಿ. ದಂಪತಿ ಇಬ್ಬರಿಗೂ ಗಳಿಕೆಯಿರಬೇಕು, ಜಂಟಿಯಾಗಿ ರಿಟರ್ನ್ಸ್ ಸಲ್ಲಿಸಬೇಕು. ಎಚ್-4 ವೀಸಾದಲ್ಲಿದ್ದು ಉದ್ಯೋಗದ ಪರವಾನಗಿ ಇಲ್ಲದ ಪತ್ನಿಗೆ ಗಳಿಕೆ ಇರುವುದಿಲ್ಲವಾದ್ದರಿಂದ ಡೇ ಕೇರ್ ಶುಲ್ಕ ಕಟ್ಟಿದರೂ ಕ್ರೆಡಿಟ್ ಇಲ್ಲ. 2015ರಿಂದ ಎಚ್-4ನವರಲ್ಲಿ ಕೆಲವರಿಗೆ ಈ ಪರವಾನಗಿ ಸಿಗುತ್ತಿದೆ. ಆಕೆ ಪೂರ್ಣಾವಧಿ ವಿದ್ಯಾರ್ಥಿನಿಯಾಗಿದ್ದರೆ, ಓದುವ ಪ್ರತಿ ತಿಂಗಳಿಗೆ ಒಂದು ಮಗುವಿದ್ದಲ್ಲಿ 250, ಇಬ್ಬರಿದ್ದಲ್ಲಿ 500 ಡಾಲರ್ ಗಳಿಕೆಯಿದೆ ಎಂದು ಭಾವಿಸಲಾಗುತ್ತದೆ. ಊರಿನಿಂದ ಬಂದ ಅಜ್ಜಿ-ತಾತ ಮಗುವನ್ನು ನೋಡಿಕೊಂಡರೆ ಖರ್ಚೇ ಇಲ್ಲ, ಕ್ರೆಡಿಟ್ಟೂ ಇಲ್ಲ. ಭಾರತದಲ್ಲಿ ಹುಟ್ಟಿದ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರದಿದ್ದರೆ ಐಟಿಐಎನ್ ಸಂಖ್ಯೆ ಸಾಕು. ‘ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್’ ಎಂಬ ಬೇರೆಯೇ ಸೌಲಭ್ಯಕ್ಕೆ ಮಾತ್ರ ಅದು ನಡೆಯದು.

ಕಿಂಡರ್‌ಗಾರ್ಟನ್ ಮತ್ತು ಮೇಲಿನ ತರಗತಿಗಳ ಶಾಲಾ ಶುಲ್ಕ, ರಾತ್ರಿ ತಂಗುವ ಶಿಬಿರದ ವೆಚ್ಚ ಇದರಲ್ಲಿ ಸೇರುವುದಿಲ್ಲ. ಹಗಲಿನ ಬೇಸಿಗೆ ಶಿಬಿರ ಸೇರುತ್ತದೆ.

ಉದ್ಯೋಗದಾತ ಸಂಸ್ಥೆಯ ಮೂಲಕ ಸಂಬಳದಿಂದ ತೆರಿಗೆರಹಿತವಾಗಿ ಡೇ ಕೇರ್ ಹಣ ತೆಗೆದಿರಿಸುವ ಎಫ್‌ಎಸ್‌ಎ ಖಾತೆಯ ಮಿತಿ 2026ರಿಂದ 5,000 ಡಾಲರ್‌ನಿಂದ 7,500ಕ್ಕೆ ಏರಿದೆ. ಅಲ್ಲಿ ಬಳಸಿದ ಮೊತ್ತ ಕ್ರೆಡಿಟ್‌ನ 6,000 ಡಾಲರ್ ಮಿತಿಯಿಂದ ಕಳೆದುಹೋಗುವುದರಿಂದ, ಖಾತೆಯನ್ನು ಪೂರ್ತಿ ಬಳಸಿದವರಿಗೆ ಕ್ರೆಡಿಟ್ ಉಳಿಯುವುದೇ ಇಲ್ಲ. ತೆರಿಗೆಯ ದರ ಹೆಚ್ಚಿರುವವರಿಗೆ ಖಾತೆಯೇ ಮೇಲು. ಉಳಿದವರು ಎರಡನ್ನೂ ಲೆಕ್ಕ ಹಾಕಿ ನೋಡಬೇಕು.

ಕ್ರೆಡಿಟ್ ಪಡೆಯಲು ತುಂಬಬೇಕಾದ 2441ನೇ ನಮೂನೆಯಲ್ಲಿ ಪಾಲಕರ ಹೆಸರು, ವಿಳಾಸ, ತೆರಿಗೆ ಸಂಖ್ಯೆ ನಮೂದಿಸಬೇಕು. ಮನೆಯಲ್ಲೇ ಮಕ್ಕಳನ್ನು ನೋಡಿಕೊಂಡು ನಗದು ಪಡೆಯುವ ಕೆಲವರು ಸಂಖ್ಯೆ ಕೊಡಲು ಹಿಂಜರಿಯುತ್ತಾರೆ. ಮಗುವನ್ನು ಸೇರಿಸುವ ದಿನವೇ ಅದನ್ನು ಕೇಳಿ ಪಡೆಯುವುದು ಕ್ಷೇಮ.