ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್

ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರು ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು 1984ರಲ್ಲಿ ತಮ್ಮ ಗೆಳೆಯರೊಡನೆ ಇದನ್ನು ಸ್ಥಾಪಿಸಿದರು. ಆರೋಗ್ಯ, ಶಿಕ್ಷಣ ಮತ್ತು ಸಮುದಾಯ ಅಭಿವೃದ್ಧಿ ಇದರ ಪ್ರಮುಖ ಕಾರ್ಯಕ್ಷೇತ್ರಗಳು.

ಪ್ರೇರಣೆ

ಬಡವರಲ್ಲಿ ದೇವರನ್ನು ಕಂಡು, ಅವರ ಸೇವೆಯನ್ನೇ ಪೂಜೆಯೆಂದು ಭಾವಿಸುವ ವಿವೇಕಾನಂದರ ‘ದರಿದ್ರನಾರಾಯಣ’ ಪರಿಕಲ್ಪನೆ ಈ ಯುವಕರಿಗೆ ಪ್ರೇರಣೆಯಾಯಿತು. ಸತ್ಯ, ಅಹಿಂಸೆ, ಸೇವೆ ಮತ್ತು ತ್ಯಾಗ ಸಂಸ್ಥೆಯ ಮೂಲ ಮೌಲ್ಯಗಳು. ವಿವೇಕಾನಂದರು 1897ರಲ್ಲಿ ಸ್ಥಾಪಿಸಿದ ರಾಮಕೃಷ್ಣ ಮಿಷನ್ ಸನ್ಯಾಸಿಗಳ ನೇತೃತ್ವದಲ್ಲಿ ನಡೆಯುತ್ತದೆ. ಈ ಸಂಸ್ಥೆ ಅದರ ಶಾಖೆಯಲ್ಲ, ಗೃಹಸ್ಥರೂ ಸೇರಿ ನಡೆಸುವ ಪ್ರತ್ಯೇಕ ಸಂಸ್ಥೆ.

ಹಿನ್ನೆಲೆ

ನಂಜನಗೂಡಿನ ನೆರೆಯ ಸರಗೂರು ಮತ್ತು ಹೆಗ್ಗಡದೇವನಕೋಟೆ ಪ್ರದೇಶದ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ ಮೊದಲಾದ ಬುಡಕಟ್ಟುಗಳ ಜನರು ವಾಸಿಸುತ್ತಾರೆ. ಕಬಿನಿ ಜಲಾಶಯ ಹಾಗೂ ವನ್ಯಜೀವಿ ಸಂರಕ್ಷಣಾ ಯೋಜನೆಗಳಿಂದಾಗಿ ಇವರಲ್ಲಿ ಅನೇಕರು ಕಾಡಿನೊಳಗಿನ ನೆಲೆಯನ್ನೂ ಜೀವನಾಧಾರವನ್ನೂ ಕಳೆದುಕೊಂಡರು. ಹೊಸ ನೆಲೆಗಳಲ್ಲಿ ವೈದ್ಯಕೀಯ ನೆರವು, ಶಾಲೆ ಎರಡೂ ದೂರವಿದ್ದವು.

ಸೇವಾಕಾರ್ಯ

ಆರಂಭದಲ್ಲಿ ವಿದ್ಯಾರ್ಥಿಗಳು ವೈದ್ಯರಿಗೆ ಬರುತ್ತಿದ್ದ ಮಾದರಿ ಔಷಧಿಗಳನ್ನು ಸಂಗ್ರಹಿಸಿ ಬಡ ರೋಗಿಗಳಿಗೆ ಹಂಚುತ್ತಿದ್ದರು. 1980ರ ದಶಕದ ಉತ್ತರಾರ್ಧದಲ್ಲಿ, ವೈದ್ಯರಾದ ಬಳಿಕ, ನಗರದ ವೃತ್ತಿಜೀವನವನ್ನು ಬಿಟ್ಟು ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸಾಲಯ ತೆರೆದರು. ಮುಂದೆ ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆಗಳು ಆರಂಭವಾದವು. ಬ್ರಹ್ಮಗಿರಿಯ ದನದ ಕೊಟ್ಟಿಗೆಯೊಂದರಲ್ಲಿ ಮೊದಲುಗೊಂಡ ಪಾಠಶಾಲೆ ಹೊಸಹಳ್ಳಿಯ ಬುಡಕಟ್ಟು ಮಕ್ಕಳ ವಸತಿ ಶಾಲೆಯಾಗಿ ಬೆಳೆಯಿತು. ಧರ್ಮಬೋಧನೆಗಿಂತ, ಜನರೊಡನೆ ನೆಲೆಸಿ ದುಡಿಯುವುದೇ ಇಲ್ಲಿನ ಸೇವೆಯ ಸ್ವರೂಪವಾಯಿತು.